ಸೂಡಿಯ ದಾರಿ, ಸೀಟಿನ ಚಿಂತೆ

ಬೆಂಗಳೂರಿನಿಂದ ಗಜೇಂದ್ರಗಡದ ಹತ್ತಿರದ ಸೂಡಿಗೆ ಬೈಕಿನಲ್ಲಿ ಹೊರಟೆನೆಂದರೆ ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಕೇಳಬೇಕಾದದ್ದು ಸೀಟಿನ ಬಗ್ಗೆ. ಹೊಸಪೇಟೆ ದಾಟುವ ಹೊತ್ತಿಗೆ ಎಂಜಿನ್ ಹಾಯಾಗಿರುತ್ತದೆ, ಕುಂಡೆ ಮಾತ್ರ ತಕರಾರು ತೆಗೆದಿರುತ್ತದೆ.

ಕೂತಾಗ ಮೈಭಾರದ ಬಹುಪಾಲು ಬೀಳುವುದು ಸೊಂಟದ ತಳದ ಎರಡು ಮೂಳೆಗಳ ಮೇಲೆ. ಅಲ್ಲಿನ ಚರ್ಮ, ಮಾಂಸಖಂಡ ಒತ್ತಿಹೋಗಿ ರಕ್ತದ ಓಡಾಟ ಕುಗ್ಗಿದರೆ ಉರಿ, ಜೋಮು ಶುರು. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ‘ಆಹಾ, ಎಷ್ಟು ಮೆತ್ತಗೆ’ ಅನ್ನಿಸುವ ಫೋಮನ್ನು ನಂಬಬೇಡಿ. ಸ್ವಲ್ಪ ದೂರಕ್ಕೇ ಅದು ಕುಸಿದು, ಬರೀ ಹಲಗೆ ಮೇಲೆ ಕೂತಂತಾಗುತ್ತದೆ. ತುಸು ಗಟ್ಟಿಯಾದ, ಅಗಲವಾದ, ಮುಂದಕ್ಕೆ ಜಾರಿಸದ ಸೀಟು ಲೇಸು. ಕುಶನ್ ಕೆಲಸದವರು ರೆಕ್ಸಿನ್ ಬಿಚ್ಚಿ ಫೋಮ್ ಬದಲಿಸಿಕೊಡುತ್ತಾರೆ.

ಗಜೇಂದ್ರಗಡದ ನಮ್ಮ ಅತ್ತೆಯದು ಬೇರೆ ಉಪಾಯ: ‘ಹಳೇ ಕೌದಿ ಮಡಚಿ ಹಾಕ್ಕೊಂಡ ಹೋಗೋ ತಮ್ಮಾ.’ ನಗಬೇಡಿ. ಹತ್ತಿ ಸೀರೆಯ ಕೌದಿ ಬೆವರು ಹೀರುತ್ತದೆ, ರೆಕ್ಸಿನ್ ಹೀರುವುದಿಲ್ಲ. ಮಡಿಕೆ ತೊಡೆಗೆ ಒತ್ತದಂತೆ ಸಮನಾಗಿ ಹಾಸಿ, ಜಾರದಂತೆ ಬಿಗಿಯಾಗಿ ಕಟ್ಟಬೇಕು, ಅಷ್ಟೇ. ದಪ್ಪ ಹೊಲಿಗೆಯ ಜೀನ್ಸ್ ಮನೆಯಲ್ಲಿರಲಿ.

ಸವಾರನ ಕಾಲಿಗೂ ಕೆಲಸ ಕೊಡಬೇಕು. ಮೊಣಕಾಲಿನಿಂದ ಟ್ಯಾಂಕ್ ಹಿಡಿದರೆ ಕೈಮೇಲಿನ ಭಾರ ಇಳಿಯುತ್ತದೆ. ಹಂಪ್ ಬಂದಾಗ ಫುಟ್‌ರೆಸ್ಟ್ ಮೇಲೆ ತುಸು ಎದ್ದರೆ ಪೆಟ್ಟು ಬೆನ್ನಿಗೆ ಏರುವುದಿಲ್ಲ. ಗಂಟೆಗೊಮ್ಮೆ ಇಳಿಯಿರಿ, ಚಹಾ ಒಂದು ನೆಪ.

ಕಲ್ಯಾಣಿ ಚಾಲುಕ್ಯರ ಕಾಲದ ಸೂಡಿಯಂತೂ ನಡೆಸುವ ಊರೇ. ಜೋಡು ಕಳಸದ ಗುಡಿ ಸುತ್ತಿ, ನಾಗಕುಂಡದವರೆಗೆ ನಡೆದುಬಂದರೆ ಕಾಲು ಸಡಿಲಾಗುತ್ತದೆ. ಮುಂದೆ ಬಾದಾಮಿ ಕಡೆ ಹೊರಡುವವರು ಅಲ್ಲಿಯತನಕ ಕೌದಿಯನ್ನು ಬಿಸಿಲಿಗೆ ಬಿಡದೆ ನೆರಳಲ್ಲಿಟ್ಟಿರಲಿ.