ಬಿತ್ತೋ ಮುಂಚೆ ಬೀಜ ಪರೀಕ್ಷೆ: ಶಾಲೆ ಮಕ್ಕಳಿಗೊಂದು ಒಳ್ಳೆ ಪ್ರಾಜೆಕ್ಟ್

ಶಾಲೆ ಪ್ರಾಜೆಕ್ಟ್ ಅಂದ್ರೆ ಚಾರ್ಟಿಗೆ ಚಿತ್ರ ಅಂಟಿಸಿ ಗೋಡೆಗೆ ತೂಗುಹಾಕೋದು ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮೂರಿನ ಮೇಷ್ಟ್ರು ಕೇಳಿದಾಗ ನಾನು ಹೇಳುವುದು ಇಷ್ಟೇ: ಮಕ್ಕಳು ಹುಡುಕುವ ಉತ್ತರ ಯಾರಿಗಾದರೂ ಬೇಕಾಗಿರಬೇಕು, ಬೇಕಾದ ಹೊತ್ತಿಗೆ ಸಿಗಬೇಕು. ಉದಾಹರಣೆಗೆ, ನಮ್ಮ ಮನೆ ರಾಗಿ ಬೀಜ ನೂರಕ್ಕೆ ಎಷ್ಟು ಮೊಳೆಯುತ್ತದೆ?

ಯಾವಾಗ ಮಾಡಬೇಕು?
ಜುಲೈನಲ್ಲಿ ರಾಗಿ ಬಿತ್ತುವ ಕಡೆ ಜೂನ್ ಎರಡನೇ ವಾರವೇ ಶುರು ಮಾಡಿ. ಪರೀಕ್ಷೆಗೆ 8 ದಿನ ಬೇಕು. ಬಿತ್ತಿದ ಮೇಲೆ ಫಲಿತಾಂಶ ಬಂದರೆ ಯಾರಿಗೂ ಉಪಯೋಗವಿಲ್ಲ.

ಹೇಗೆ ಮಾಡಬೇಕು?
1. ಪ್ರತಿ ಮಗು ಮನೆಯಿಂದ ಒಂದು ಹಿಡಿ ಬೀಜ ತರಲಿ. ಚೀಲದ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿರಬೇಕು. ಔಷಧಿ ಹಚ್ಚಿದ ಬೀಜವನ್ನು ಮಕ್ಕಳ ಕೈಗೆ ಕೊಡಲೇಬೇಡಿ.
2. ದಪ್ಪ ಕಾಳು ಆರಿಸದೆ, ಕೈಗೆ ಬಂದ 100 ಕಾಳು ಎಣಿಸಬೇಕು. ಮಕ್ಕಳು ಒಳ್ಳೆ ಕಾಳನ್ನೇ ಹೆಕ್ಕುತ್ತಾರೆ; ಹಾಗೆ ಮಾಡಿದರೆ ಲೆಕ್ಕ ಯಾಕೆ ತಪ್ಪುತ್ತೆ ಅಂತ ಅವರನ್ನೇ ಕೇಳಿ. ಪಾಠ ಇರೋದೇ ಅಲ್ಲಿ.
3. ತಟ್ಟೆಯಲ್ಲಿ ಒದ್ದೆ ಹತ್ತಿ ಬಟ್ಟೆ ಹಾಸಿ, ಕಾಳು ಬಿಡಿಬಿಡಿಯಾಗಿ ಇಟ್ಟು, ಇನ್ನೊಂದು ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ, ನೀರು ನಿಲ್ಲಬಾರದು. ಚೀಟಿ ಮೇಲೆ ಹೆಸರು, ತಾರೀಖು ಇರಲಿ.
4. 4ನೇ ದಿನ ಒಮ್ಮೆ, 8ನೇ ದಿನ ಕೊನೆಯದಾಗಿ ಎಣಿಸಿ. ಬೇರು, ಕುಡಿ ಎರಡೂ ಸರಿಯಾಗಿ ಬಂದ ಸಸಿ ಮಾತ್ರ ಲೆಕ್ಕಕ್ಕೆ.

ಲೆಕ್ಕ ಏನು ಹೇಳುತ್ತೆ?
ಪ್ರಮಾಣೀಕೃತ ರಾಗಿ ಬೀಜಕ್ಕೆ ಕನಿಷ್ಠ ಮೊಳಕೆ ಶೇ. 75 ಇರಬೇಕು. ನಿಮ್ಮದು 60 ಬಂತು ಅನ್ನಿ. ಎಕರೆಗೆ 4 ಕೆ.ಜಿ. ಹಾಕುವವರು 4 × 75 ÷ 60, ಅಂದರೆ 5 ಕೆ.ಜಿ. ಹಾಕಬೇಕಾಗುತ್ತದೆ. 50ಕ್ಕಿಂತ ಕೆಳಗಿದ್ದರೆ ಆ ಬೀಜ ಬಿಟ್ಟು ಬೇರೆ ಬೀಜ ನೋಡುವುದೇ ಲೇಸು. ಶೇಕಡಾವಾರು ಲೆಕ್ಕ ಮಕ್ಕಳಿಗೆ ಇಲ್ಲಿ ತಾನಾಗೇ ಹತ್ತುತ್ತದೆ.

ಮೇಷ್ಟ್ರಿಗೆ ಒಂದು ಮಾತು: ಮೊಳಕೆ ಕಡಿಮೆ ಬಂತು ಅಂತ ಅಂಕ ಕಡಿಮೆ ಕೊಡಬೇಡಿ. ಅಂಕ ಎಣಿಕೆಗೆ, ಬರವಣಿಗೆಗೆ, ಕಾರಣ ಹುಡುಕಿದ್ದಕ್ಕೆ ಇರಲಿ. ಇಲ್ಲದಿದ್ದರೆ ಮಕ್ಕಳು ಸುಳ್ಳು ಸಂಖ್ಯೆ ಬರೀತಾರೆ, ಅಪ್ಪ ಅದನ್ನೇ ನಂಬಿ ಬಿತ್ತುತ್ತಾರೆ. ಮೊಳೆಯದ ಹೊಲಕ್ಕೆ ಮತ್ತೆ ಬಿತ್ತೋಣ ಅಂದರೆ ಆ ಹದ ತಿರುಗಿ ಬರಲ್ಲ.