ಐವತ್ತೈದು ಕೆ.ಜಿ.ಯ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯುವ ದಿನ ಅಂಕಣದ ಹತ್ತಿರ ಹೋಗುವ ಮೊದಲು ತೂಕದ ಮಷಿನ್ ಇಟ್ಟ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. 55 ಕೆ.ಜಿ. ವಿಭಾಗವಾದರೆ 56.2 ತೂಗುವ ಹುಡುಗನೊಬ್ಬ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಹಿಂದಿನ ರಾತ್ರಿ ಮುದ್ದೆ ಬಿಟ್ಟಿರುತ್ತಾನೆ, ಬೆಳಿಗ್ಗೆಯಿಂದ ನೀರು ಮುಟ್ಟಿರುವುದಿಲ್ಲ. ಜರ್ಸಿಯ ಮೇಲೊಂದು ಜರ್ಕಿನ್ ಏರಿಸಿ ಬಿಸಿಲಲ್ಲಿ ಸುತ್ತು ಹೊಡೆಯುತ್ತಾನೆ, ಬಾಯಿ ಒಣಗುವವರೆಗೂ ಉಗಿಯುತ್ತಾನೆ. ಮಷಿನ್ 54.9 ತೋರಿಸಿದಾಗ ಗೆಳೆಯರು ಸಿಳ್ಳೆ ಹಾಕುತ್ತಾರೆ.

ಇಳಿದದ್ದು 1.3 ಕೆ.ಜಿ. ಅದರಲ್ಲಿ ಬಹುಪಾಲು ನೀರು. ಮೈತೂಕದ ಶೇ 2ರಷ್ಟು ನೀರು ಕಳೆದರೆ, ಅದರಲ್ಲೂ ಸೆಕೆಯಲ್ಲಿ, ಆಟದ ಕಸುವು ಕುಗ್ಗತೊಡಗುತ್ತದೆ ಎನ್ನುವುದು ಕ್ರೀಡಾ ವೈದ್ಯಶಾಸ್ತ್ರದ ಹಳೆಯ ಪಾಠ. ಈ ಹುಡುಗ ಶೇ 2.3 ಕಳೆದುಕೊಂಡಿದ್ದಾನೆ. ರಕ್ತದ ದ್ರವಭಾಗ ಕಡಿಮೆಯಾದಾಗ ಹೃದಯ ಪ್ರತಿ ಬಡಿತಕ್ಕೂ ಕಡಿಮೆ ರಕ್ತ ದೂಡುತ್ತದೆ, ಆ ಕೊರತೆ ತುಂಬಲು ಬಡಿತದ ವೇಗ ಹೆಚ್ಚಿಸುತ್ತದೆ. ಚರ್ಮದ ಕಡೆ ಹರಿಯುವ ರಕ್ತವೂ ಬೆವರೂ ತಗ್ಗಿ ಒಳಗಿನ ಕಾವು ಏರುತ್ತದೆ. ತೂಕ ಮುಗಿದ ಮೇಲೆ ಎರಡು ಬಾಟಲಿ ನೀರು ಕುಡಿದರೆ ಹೊಟ್ಟೆಯೇನೋ ತುಂಬುತ್ತದೆ. ಮೈಯೆಲ್ಲ ಮತ್ತೆ ಸರಿಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮೈಕಿನಲ್ಲಿ ತಂಡದ ಹೆಸರು ಕೂಗಿರುತ್ತಾರೆ.

ಅಮೆರಿಕದಲ್ಲಿ 1997ರ ನವೆಂಬರ್–ಡಿಸೆಂಬರ್ ನಡುವೆ, ಐದೇ ವಾರಗಳಲ್ಲಿ, ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರು ಹರಿಸಿ ತೂಕ ಇಳಿಸುತ್ತಲೇ ಸತ್ತರು. ಆಮೇಲೆ ಅಲ್ಲಿ ರಬ್ಬರ್ ಉಡುಪು ನಿಷೇಧವಾಯಿತು. ಆಟಗಾರನ ಮೈಯಲ್ಲಿ ನೀರು ಸರಿಯಾಗಿದ್ದಾಗಲೇ ಋತುವಿನ ಆರಂಭದಲ್ಲಿ ಅವನ ಕನಿಷ್ಠ ತೂಕ ಗೊತ್ತುಮಾಡುವ ಪದ್ಧತಿ ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಿದ್ದರೆಂದು ಅನರ್ಹರಾದಾಗ ನಾವೆಲ್ಲ ಆ 100 ಗ್ರಾಂ ಬಗ್ಗೆಯೇ ಮಾತಾಡಿದೆವು. ಹಿಂದಿನ ರಾತ್ರಿಯಿಡೀ ಆಕೆಯ ಮೈ ಪಟ್ಟ ಪಾಡಿನ ಮಾತು ಕಡಿಮೆಯೇ ಇತ್ತು. ಆಕೆಯ ಜೊತೆ ವೈದ್ಯರಾದರೂ ಇದ್ದರು. ನಮ್ಮ ಹುಡುಗನ ಜೊತೆ ಇರುವುದು ತೂಕದ ಮಷಿನ್ ಒಂದೇ.

ಇನ್ನು ನಿದ್ದೆ. ಹೊನಲು ಬೆಳಕಿನ ಪಂದ್ಯಾವಳಿಯ ಸೆಮಿಫೈನಲ್ ಶುರುವಾಗುವ ಹೊತ್ತಿಗೆ ಊರ ಕೋಳಿ ಕೂಗಲು ಸಿದ್ಧವಾಗಿರುತ್ತದೆ. ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಶಾಲಾ ಕ್ರೀಡಾಪಟುಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ಗಂಟೆಗಿಂತ ಕಡಿಮೆ ಮಲಗುವವರು ಗಾಯಗೊಳ್ಳುವ ಸಂಭವ 1.7 ಪಟ್ಟು ಕಂಡಿತು. ನಿದ್ದೆಯೊಂದೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ 2011ರಲ್ಲಿ ಸ್ಟ್ಯಾನ್‌ಫರ್ಡ್‌ನ 11 ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕೆಲವು ವಾರ ಹೆಚ್ಚು ಹೊತ್ತು ಮಲಗಿಸಿದಾಗ ಅವರ ಫ್ರೀ ಥ್ರೋ ಗುರಿ ಶೇ 9ರಷ್ಟು ಸುಧಾರಿಸಿತು. ಚಿಕ್ಕ ಪ್ರಯೋಗ, ಆದರೂ ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಮನಸ್ಸಿನ ಒತ್ತಡವೂ ಮೈಮೇಲೇ ಬಂದು ಕೂರುತ್ತದೆ. ಆತಂಕದಲ್ಲಿರುವವನ ನೋಟದ ಹರವು ಕಿರಿದಾಗುತ್ತದೆ, ಸ್ನಾಯುಗಳು ಬೇಡದ ಕಡೆ ಬಿಗಿಯುತ್ತವೆ. ಒತ್ತಡಕ್ಕೂ ಗಾಯಕ್ಕೂ ಇರುವ ಈ ನಂಟನ್ನು 1988ರಲ್ಲಿ ಆಂಡರ್ಸನ್ ಮತ್ತು ವಿಲಿಯಮ್ಸ್ ಎಂಬ ಮನೋವಿಜ್ಞಾನಿಗಳು ಒಂದು ಮಾದರಿಯಾಗಿ ಮುಂದಿಟ್ಟರು. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡ್. ಎಸ್ಸೆಸ್ಸೆಲ್ಸಿಯ ಭಯ, ಎಲ್ಲರೆದುರು ಕೋಚ್ ಬೈದ ಬೈಗುಳ ತಲೆಯಲ್ಲಿ ತುಂಬಿಕೊಂಡ ರೈಡರ್‌ಗೆ ಎದುರಿನ ಕವರ್ ಕಾಣುತ್ತಾನೆ, ಪಕ್ಕದಿಂದ ಪಾದಕ್ಕೆ ಬೀಳುವ ಕಾರ್ನರ್ ಕಾಣುವುದಿಲ್ಲ.

ಆಮೇಲೆ ರೈಡರ್‌ನನ್ನು ಹಿಡಿಯಲು ಕೈ ಕೈ ಹಿಡಿದು ನಿಲ್ಲುವ ಚೈನ್. ಕೈ ಸೇರಿದ ಮಾತ್ರಕ್ಕೆ ಬಲವೂ ಸೇರುವುದಿಲ್ಲ. ಹಗ್ಗ ಎಳೆಯುವ ಪ್ರಯೋಗಗಳನ್ನು 1913ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ಕಂಡದ್ದು ವಿಚಿತ್ರ: ಎಂಟು ಜನ ಸೇರಿ ಎಳೆದಾಗ ಹೊಮ್ಮಿದ್ದು ಅವರ ಒಂಟಿ ಬಲಗಳ ಮೊತ್ತದ ಅರ್ಧದಷ್ಟು. ಕೆಲವಂಶ ಎಳೆತದ ಲಯ ತಪ್ಪಿ ಸೋರುತ್ತದೆ, ಕೆಲವಂಶ ‘ನಾನೊಬ್ಬ ಎಳೆಯದಿದ್ದರೇನು’ ಎನ್ನುವ ಭಾವದಲ್ಲಿ. ಇದಕ್ಕೆ ಎದುರಾಗಿ ಇನ್ನೊಂದು ಸಾಕ್ಷ್ಯವಿದೆ. ಆಕ್ಸ್‌ಫರ್ಡ್‌ನ ದೋಣಿ ಹುಟ್ಟುಗಾರರು ಒಟ್ಟಾಗಿ, ಒಂದೇ ಲಯದಲ್ಲಿ ಹುಟ್ಟು ಹಾಕಿದಾಗ, ಒಂಟಿಯಾಗಿ ಅಷ್ಟೇ ಶ್ರಮ ಪಟ್ಟಾಗ ತಾಳಿದ್ದಕ್ಕಿಂತ ಹೆಚ್ಚು ನೋವು ತಾಳಿದರು. ಒಗ್ಗಟ್ಟು ಬರೀ ಭಾಷಣದ ಮಾತಲ್ಲ, ಅಳೆಯಬಹುದಾದದ್ದು. ಕಂಪನಿ ನಾಟಕ ಕಟ್ಟಿದ ಗುಬ್ಬಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಮುಂದೆ ಕಾದಿರುವ ಹಾನಿ ಮಂಡಿಯದು. ದಣಿದ ಕಾಲು ನೆಲ ಮುಟ್ಟುವಾಗ ಮಂಡಿ ಒಳಕ್ಕೆ ವಾಲಿ ತಿರುಚಿಕೊಳ್ಳುತ್ತದೆ. ಕೀಲಿನೊಳಗೆ ಎರಡು ಮೂಳೆಗಳನ್ನು ಬಿಗಿದಿಟ್ಟ ನಾರಿನ ಪಟ್ಟಿ, ಎಸಿಎಲ್, ಹರಿಯುತ್ತದೆ. ಇದು ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷದೊಳಗೆ ಕೀಲು ಸವೆತ ಬರುತ್ತದೆ. 16ರಲ್ಲಿ ಬಿದ್ದವನಿಗೆ 30ರ ಆಸುಪಾಸಿನಲ್ಲಿ ಮುದುಕರ ಮಂಡಿ. ತೆಂಗಿನ ಮರ ಹತ್ತಬೇಕಾದ, ಹೊಲದಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕಾದ ವಯಸ್ಸದು. ಹುಡುಗಿಯರಿಗೆ ಈ ಗಾಯದ ಸಂಭವ ಹುಡುಗರಿಗಿಂತ ಹೆಚ್ಚು. ಅದರ ಮೇಲೆ ರಕ್ತಹೀನತೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15–49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ಅದಿದೆ. ಆಟಗಾರ್ತಿಯರೂ ಇದೇ ಮನೆಗಳಿಂದ ಬಂದವರು; ಏಳು ಜನರ ತಂಡದಲ್ಲಿ ಮೂವರ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇಗ ದಣಿಯುತ್ತಿದ್ದರೆ ಆಶ್ಚರ್ಯವಿಲ್ಲ.

ಕುಣಿಗಲ್ ಎಂದರೆ ಟಿಪ್ಪು ಕಾಲದಿಂದಲೂ ಕುದುರೆ ಫಾರಂ. ರೇಸಿನ ಕುದುರೆಯನ್ನು ಬಲ್ಲವರು ಓಟಕ್ಕೆ ಬಿಡುವ ಮುನ್ನ ಮೇವು ತಿಂದಿದೆಯೇ ಎಂದು ನೋಡುತ್ತಾರೆ, ಕಾಲು ಸವರಿ ಕಾವು ನೋಡುತ್ತಾರೆ. ಮಕ್ಕಳಿಗೆ ಅಷ್ಟಾದರೂ ಆಗಬೇಡವೇ?

ಖರ್ಚು ದೊಡ್ಡದೇನಲ್ಲ. ನಾರ್ವೆಯಲ್ಲಿ 125 ಕ್ಲಬ್‌ಗಳ 13–17 ವಯಸ್ಸಿನ ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು 20 ನಿಮಿಷದ ವಾರ್ಮ್‌ಅಪ್ ಒಂದರಿಂದಲೇ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಓಟ, ಒಂಟಿ ಕಾಲ ಮೇಲೆ ಸಮತೋಲನ, ಜಿಗಿದು ಮಂಡಿ ಮಡಚಿ, ಅದು ಒಳಕ್ಕೆ ವಾಲದಂತೆ ಇಳಿಯುವುದು, ಇಷ್ಟೇ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಮಾಡಬಹುದಾದದ್ದನ್ನು ಹಳ್ಳಿ ಶಾಲೆಯ ಕೆಂಪು ಮಣ್ಣಿನ ಮೇಲೂ ಮಾಡಬಹುದು.

ಮುಂದಿನ ಪಂದ್ಯಾವಳಿಯ ಕರಪತ್ರ ಅಚ್ಚಿಗೆ ಕೊಡುವವರಲ್ಲಿ ಒಂದು ಕೋರಿಕೆ. ಆಟಗಾರನ ತೂಕವನ್ನು ಎರಡು ವಾರ ಮೊದಲೇ, ಉಂಡು ನೀರು ಕುಡಿದ ಮೇಲೆ, ಪಿ.ಟಿ. ಮೇಷ್ಟ್ರ ಕೈಯಲ್ಲಿ ಬರೆಸಿಕೊಳ್ಳಿ. ಪಂದ್ಯದ ದಿನ ಅದಕ್ಕಿಂತ ಒಂದು ಕೆ.ಜಿ. ಕಡಿಮೆ ಬಂದವನನ್ನು ಆಡಿಸಬೇಡಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ, ಫೈನಲ್ ಮರುದಿನ ಬೆಳಿಗ್ಗೆ ಇಟ್ಟುಕೊಳ್ಳಿ.