ನಾರಿನ ಶಿಲ್ಪ: ಮೃಣಾಲಿನಿ ಮುಖರ್ಜಿಯವರ ಕಲಾಜೀವನ

ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ನಾರಿಗೆ ಸ್ವಂತ ಯೋಗ್ಯತೆಯಿಲ್ಲವೆಂಬ ಭಾವನೆ ಅದರಲ್ಲಿ ಅಡಗಿದೆ. ಆ ನಾರಿನಿಂದಲೇ ಹೂವನ್ನೂ ದೇವತೆಯನ್ನೂ ನಿರ್ಮಿಸಿದವರು ಮೃಣಾಲಿನಿ ಮುಖರ್ಜಿ (1949–2015).

ಅವರು ಜನಿಸಿದ್ದು ಮುಂಬಯಿಯಲ್ಲಿ. ತಂದೆ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ ಬಿನೋದ ಬಿಹಾರಿ ಮುಖರ್ಜಿ. ತಾಯಿ ಲೀಲಾ ಶಿಲ್ಪಿ. 1957ರಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ ತಂದೆಯ ದೃಷ್ಟಿ ಪೂರ್ಣವಾಗಿ ನಷ್ಟವಾಯಿತು. ಕಲೆಯನ್ನು ಅವರು ಕೈಬಿಡಲಿಲ್ಲ. ಬಣ್ಣದ ಕಾಗದವನ್ನು ಕತ್ತರಿಸಿ, ಸ್ಪರ್ಶದಿಂದಲೇ ಸ್ಥಾನವನ್ನರಿತು, ಅಂಟಿಸಿ ಚಿತ್ರಗಳನ್ನು ರಚಿಸತೊಡಗಿದರು. ಮಗಳಿನ್ನೂ ಚಿಕ್ಕವಳು. ಬೆರಳಿಗೂ ಕಣ್ಣುಂಟೆಂಬ ಪಾಠ ಆಕೆಗೆ ಆ ಮನೆಯಲ್ಲಿಯೇ ದೊರೆತಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಬರೋಡಾದ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಕಲಿತ ಮೇಲೆ ಅವರು ಕೆ. ಜಿ. ಸುಬ್ರಹ್ಮಣ್ಯನ್ನರಲ್ಲಿ ಭಿತ್ತಿಕಲೆಯನ್ನು ಅಭ್ಯಸಿಸಿದರು. ಬಿನೋದ ಬಿಹಾರಿಯವರ ಶಿಷ್ಯರೇ ಆಗಿದ್ದ ಈ ಗುರುಗಳು ಕಲೆಗೂ ಕೈಕಸಬಿಗೂ ನಡುವಣ ಗೋಡೆಯನ್ನು ಒಪ್ಪಿದವರಲ್ಲ. ನಾರು ಮೃಣಾಲಿನಿಯವರ ಕೈಗೆ ಬಂದುದು ಅಲ್ಲಿಯೇ.

ಅವರ ವಿಧಾನ ನೋಡಲು ಸರಳ. ಸೆಣಬಿನ ಹುರಿಗೆ ಬಣ್ಣ ಹಾಕಿ, ಲೋಹದ ಚೌಕಟ್ಟನ್ನು ಆಧಾರವಾಗಿರಿಸಿ, ಗಂಟಿನ ಮೇಲೆ ಗಂಟು ಹಾಕುತ್ತ ಹೋಗುವುದು. ಮಗ್ಗವಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯೂ ಇಲ್ಲ. ಗಂಟುಗಳು ಸೇರಿ ಮಡಿಕೆಯಾಗಿ, ಮಡಿಕೆಗಳು ಉಬ್ಬಿ ಎಸಳಾಗಿ, ಕೊನೆಗೆ ಆಳೆತ್ತರವನ್ನೂ ಮೀರಿದ ಮೂರ್ತಿಯೊಂದು ಎದುರು ನಿಲ್ಲುತ್ತದೆ. ಒಂದೊಂದು ಕೃತಿಗೂ ತಿಂಗಳುಗಟ್ಟಲೆ ದುಡಿಮೆ. ‘ದೇವಿ’ (1982), ‘ಯಕ್ಷಿ’ (1984), ‘ವನಶ್ರೀ’ (1994) ಮುಂತಾದವು ಯಾವ ಗುಡಿಯ ವಿಗ್ರಹದ ಅನುಕರಣೆಯೂ ಅಲ್ಲ. ಆದರೂ ಗರ್ಭಗುಡಿಯ ಮುಂದೆ ಉಂಟಾಗುವ ಭಯಮಿಶ್ರಿತ ಗೌರವವನ್ನು ಹುಟ್ಟಿಸುತ್ತವೆ. ಹೆಸರು ಪುರಾಣದ್ದು, ರೂಪ ಗಿಡಮರಗಳದ್ದು.

ಹುರಿಯ ಗಂಟೆಂದೊಡನೆ ಅದನ್ನು ಗೃಹಾಲಂಕಾರದ ಸಾಲಿಗೆ ಸೇರಿಸುವ ವಾಡಿಕೆ ವಿಮರ್ಶಕರಲ್ಲಿಯೂ ಉಂಟು. ಕಲ್ಲು ಕಡೆದವನಿಗೆ ಸಲ್ಲುವ ಮನ್ನಣೆ ಹುರಿ ಕಟ್ಟಿದವಳಿಗೆ ಏಕೆ ಸಲ್ಲಬಾರದು? 1994ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಶಿಲ್ಪಗಳನ್ನು ಪ್ರದರ್ಶಿಸಿತು. ಮುಂದೆ ಅವರು ಸುಟ್ಟ ಮಣ್ಣಿನಲ್ಲಿಯೂ ಕಂಚಿನಲ್ಲಿಯೂ ಕೃತಿಗಳನ್ನು ರಚಿಸಿದರು. ಅವು ಚೆಲುವಾದುವೇ, ನನಗಂತೂ ನಾರಿನವೇ ಮೇಲೆಂದು ತೋರುತ್ತದೆ.

ಅವರ ಜೀವಮಾನದ ಕೃತಿಗಳ ಪ್ರದರ್ಶನ 2015ರ ಜನವರಿಯ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ತೆರೆಯಿತು. ಆಗ ಅವರು ಆಸ್ಪತ್ರೆಯಲ್ಲಿದ್ದರು. ಕೆಲವೇ ದಿನಗಳಲ್ಲಿ, ಫೆಬ್ರವರಿ ಆರಂಭದಲ್ಲಿ, ತೀರಿಕೊಂಡರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಪ್ರದರ್ಶನ ನಡೆದುದು 2019ರಲ್ಲಿ. ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರ ನಾರಿನ ಮೂರ್ತಿಗಳು ನಿಂತುದು 2022ರಲ್ಲಿ.